ಡಾನ್ ಸ್ಟೇಲಿ ಕೋಚ್ ಆಗಿ ಗೆದ್ದದ್ದು ಹೇಗೆ? (ಆಟಗಾರ್ತಿ ಸ್ಟೇಲಿ ಬಗ್ಗೆ ಅಲ್ಲ)

ಗೆರೆದಾಟು:
ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎನ್‌ಬಿಎ ಅಂಥ ದೊಡ್ಡ ವೃತ್ತಿಪರ ಲೀಗಿನಲ್ಲಿ ಹೆಸರು ಮಾಡಿ ಆಮೇಲೆ ಕಾಲೇಜು ಕೋಚ್ ಆದವರ ಪಟ್ಟಿ ತೆಗೆದರೆ ಹೆಮ್ಮೆಪಡುವಂಥದ್ದು ಕಡಿಮೆ. ಕ್ಲೈಡ್ ಡ್ರೆಕ್ಸ್ಲರ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ 1998ರಿಂದ ಎರಡೇ ಸೀಸನ್: 19 ಗೆಲುವು, 39 ಸೋಲು. ಕ್ರಿಸ್ ಮಲಿನ್ ಸೇಂಟ್ ಜಾನ್ಸ್‌ನಲ್ಲಿ ನಾಲ್ಕು ಸೀಸನ್: 59 ಗೆಲುವು, 73 ಸೋಲು. ಪ್ಯಾಟ್ರಿಕ್ ಯೂಯಿಂಗ್ ಜಾರ್ಜ್‌ಟೌನ್‌ನಲ್ಲಿ ಆರು ಸೀಸನ್: 75 ಗೆಲುವು, 109 ಸೋಲು. ಮೂವರೂ ಹಾಲ್ ಆಫ್ ಫೇಮ್‌ (ಆಟದ ದಿಗ್ಗಜರ ಗೌರವ ಪಟ್ಟಿ) ಸೇರಿದವರು, ಮೂವರೂ ತಾವು ಓದಿ ಆಡಿದ ಕಾಲೇಜಿಗೇ ಮರಳಿದವರು.

ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎ ಆಡಿದ ಡಾನ್ ಸ್ಟೇಲಿ ಮಾತ್ರ ಸೌತ್ ಕ್ಯಾರೊಲಿನಾ ಮಹಿಳಾ ತಂಡಕ್ಕೆ 2017, 2022, 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ಎಲ್ಲಿ ಬಂತು ಈ ವ್ಯತ್ಯಾಸ? 'ಹುಟ್ಟು ನಾಯಕಿ' ಅನ್ನೋ ಉತ್ತರ ದಯವಿಟ್ಟು ಬೇಡ. ಯಾವ ವರ್ಷ ಏನು ಮಾಡಿದರು, ಎಲ್ಲಿ ಕೆಟ್ಟಿತು, ಹೇಗೆ ರಿಪೇರಿ ಮಾಡಿದರು, ಅಷ್ಟು ಬರೆಯಿರಿ.

ಅಂಕಪಟ್ಟಿ:
ಮೊದಲು ಇಸವಿಗಳನ್ನು ಸಾಲಾಗಿ ಇಟ್ಟುಬಿಡುತ್ತೇನೆ, ಆಮೇಲೆ ಜಗಳ ಆಡೋಣ.

ಸ್ಟೇಲಿ ಫಿಲಡೆಲ್ಫಿಯಾದ ಉತ್ತರ ಭಾಗದವರು. 5 ಅಡಿ 6 ಅಂಗುಲದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವರು. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡುವಾಗ 1990, 91, 92 ಮೂರೂ ವರ್ಷ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡ), ಪ್ರಶಸ್ತಿ ಒಂದೂ ಇಲ್ಲ. 1991ರ ಫೈನಲ್‌ನಲ್ಲಿ ಟೆನೆಸ್ಸಿ ಎದುರು ಹೆಚ್ಚುವರಿ ಸಮಯದಲ್ಲಿ 70–67ರಿಂದ ಸೋತರು, ಆದರೂ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಅವರೇ. 1996, 2000, 2004ರಲ್ಲಿ ಒಲಿಂಪಿಕ್ ಚಿನ್ನ. ಅಥೆನ್ಸ್‌ನಲ್ಲಿ ಅಮೆರಿಕದ ಧ್ವಜ ಹಿಡಿದವರೂ ಅವರೇ.

ಗಮನಿಸಬೇಕಾದ್ದು 2000ನೇ ಇಸವಿ. ಆ ವರ್ಷ ಟೆಂಪಲ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು, ಆದರೆ ಆಟ ಬಿಡಲಿಲ್ಲ. ಬೇಸಿಗೆಯಲ್ಲಿ ಷಾರ್ಲಟ್ ಸ್ಟಿಂಗ್, 2005ರಿಂದ ಹ್ಯೂಸ್ಟನ್ ಕಾಮೆಟ್ಸ್ ಪರ ಆಡುತ್ತಾ, ಚಳಿಗಾಲದಲ್ಲಿ ಟೆಂಪಲ್‌ನಲ್ಲಿ ಕೋಚಿಂಗ್. 2001ರಲ್ಲಿ ಷಾರ್ಲಟ್ ಡಬ್ಲ್ಯೂಎನ್‌ಬಿಎ ಫೈನಲ್ ತಲುಪಿದಾಗ ಅದರ ಪಾಯಿಂಟ್ ಗಾರ್ಡ್ ಆಗಲೇ ಒಂದು ಕಾಲೇಜಿನ ಮುಖ್ಯ ಕೋಚ್! ಆಟಕ್ಕೆ ವಿದಾಯ ಹೇಳಿದ್ದು 2006ರಲ್ಲಿ. ಟೆಂಪಲ್‌ನಲ್ಲಿ ಎಂಟು ಸೀಸನ್‌ಗೆ 172 ಗೆಲುವು, 80 ಸೋಲು, ಆರು ಸಲ ಎನ್‌ಸಿಎಎ (ಕಾಲೇಜುಗಳ ರಾಷ್ಟ್ರೀಯ) ಟೂರ್ನಿ.

2008ರಲ್ಲಿ ಸೌತ್ ಕ್ಯಾರೊಲಿನಾ. ಮೊದಲ ಸೀಸನ್ 10 ಗೆಲುವು, 18 ಸೋಲು. ಅಲ್ಲಿಂದ ಗೆಲುವಿನ ಲೆಕ್ಕ ಹೀಗಿದೆ: 10, 14, 18, 25, 25, 29, 34. ಏಳು ವರ್ಷದ ಏಣಿ, ಮಧ್ಯದಲ್ಲಿ ಒಂದು ಮೆಟ್ಟಿಲೂ ಕೆಳಗಿಳಿದಿಲ್ಲ.

ಎಡಗೈಲೇಅಪ್:
ಏಣಿ ಸರಿ. ಆದರೆ ಏಳನೇ ಮೆಟ್ಟಿಲಿನಲ್ಲಿ ನಿಂತಿದ್ದವರು ಆಜಾ ವಿಲ್ಸನ್. ಆರಡಿ ಐದಂಗುಲದ ಅಂಥ ಆಟಗಾರ್ತಿ ಕ್ಯಾಂಪಸ್ಸಿನ ಪಕ್ಕದ ಊರಲ್ಲೇ ಹುಟ್ಟಿದ್ದರೆ ಯಾರು ಬೇಕಾದರೂ ಗೆಲ್ಲಬಹುದು. ಇದನ್ನು ಕೋಚಿಂಗ್ ಅಂತ ಕರೆಯೋದಾ, ಅದೃಷ್ಟ ಅಂತ ಕರೆಯೋದಾ?

ಅಂಕಪಟ್ಟಿ:
ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ವಿಲ್ಸನ್ ಬಂದದ್ದು 2014ರಲ್ಲಿ. ಅದಕ್ಕೂ ಹಿಂದಿನ ಸೀಸನ್‌ನಲ್ಲೇ 29 ಗೆಲುವು, 5 ಸೋಲು, ತಾವು ಆಡುವ ಎಸ್‌ಇಸಿ ಎಂಬ ಕಾಲೇಜು ಲೀಗಿನಲ್ಲಿ ಮೊದಲ ಸ್ಥಾನ. ಅಂದರೆ ವಿಲ್ಸನ್ ಗೆಲ್ಲುವ ತಂಡಕ್ಕೇ ಬಂದು ಸೇರಿದರು.

ಆ ತಂಡ ಕಟ್ಟಿದ ರೀತಿಯಲ್ಲೇ ಉತ್ತರ ಇದೆ. ಗೂಸ್ ಕ್ರೀಕ್‌ನ ಅಲೀಷಾ ವೆಲ್ಷ್, ಮರ್ಟಲ್ ಬೀಚ್‌ನ ಖದೀಜಾ ಸೆಷನ್ಸ್, ಕೊಲಂಬಿಯಾದ ಏಷ್ಯಾ ಡೋಜಿಯರ್, ಇರ್ಮೊದ ಅಲೈನಾ ಕೋಟ್ಸ್. ಎಲ್ಲರೂ ಅದೇ ರಾಜ್ಯದ ಹುಡುಗಿಯರು. ಟಿಫನಿ ಮಿಚೆಲ್ ಮಾತ್ರ ಗಡಿಯಾಚೆಯ ಷಾರ್ಲಟ್‌ನವರು, ಅದು ಸ್ಟೇಲಿ ಆರು ವರ್ಷ ಆಡಿದ ಊರು. ದೇಶದ ತುದಿಯಿಂದ ತಾರೆಯರನ್ನು ಕರೆತರುವ ಶಕ್ತಿ 18 ಸೋಲಿನ ತಂಡಕ್ಕೆ ಇರುವುದಿಲ್ಲ. ಹಾಗಾಗಿ ಮೊದಲು ರಾಜ್ಯದೊಳಗಿನವರನ್ನು ಹೊರಗೆ ಹೋಗದಂತೆ ತಡೆದರು. ಊರಿನ ಹುಡುಗಿಯರು ಆಡಿದರೆ ಊರಿನವರು ನೋಡೋಕೆ ಬರುತ್ತಾರೆ. 18 ಸಾವಿರ ಆಸನದ ಕಲೋನಿಯಲ್ ಲೈಫ್ ಅರೆನಾ ತುಂಬಿದರೆ ಮುಂದಿನ ಹುಡುಗಿಗೆ ಕರೆಯೋಲೆ ಬೇರೆ ಬೇಕಾಗಿಲ್ಲ. ದೇಶದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ 2014–15ರಿಂದ ಅತಿ ಹೆಚ್ಚು ಪ್ರೇಕ್ಷಕರು ಅಲ್ಲೇ.

ಧಾರವಾಡಡ್ರಿಬಲ್:
ಯೂಯಿಂಗ್ ಅವರ ಬಗ್ಗೆ ಒಂದ್ ಮಾತು ಹೇಳ್ಬೇಕ್ರಿ. ಅವರೇನು ಅನುಭವ ಇಲ್ದ ಬಂದವರಲ್ಲ. 2002ರಿಂದ ಸುಮಾರು 15 ವರ್ಷ ಎನ್‌ಬಿಎದಾಗ ಸಹಾಯಕ ಕೋಚ್ ಆಗಿ ದುಡದಾರ. ಅಷ್ಟಾದ್ರೂ ಯಾಕ ಆಗ್ಲಿಲ್ಲ? ಎನ್‌ಬಿಎ ಸಹಾಯಕ ಕೋಚ್‌ಗೆ ಆಟಗಾರರನ್ನ ಹಿಡದು ಇಟ್ಟುಕೊಳ್ಳೋ ಕೆಲಸಾನ ಇರೂದಿಲ್ಲ. ಅದು ಜನರಲ್ ಮ್ಯಾನೇಜರ್ ಕೆಲಸ. ಆಟಗಾರಗ ಕರಾರು ಇರ್ತದ, ಮನಸ್ಸಿಗೆ ಬಂದಂಗ ಎದ್ದು ಹೋಗಾಕ ಬರೂದಿಲ್ಲ. ಕಾಲೇಜಿನಾಗ ಹಂಗಲ್ಲ. 2019ರ ಡಿಸೆಂಬರದಾಗ ಜೇಮ್ಸ್ ಅಕಿಂಜೊ, ಜಾಶ್ ಲೆಬ್ಲಾಂಕ್ ನಡು ಸೀಸನ್ನಿನಾಗ ಬಿಟ್ಟು ಹೋದ್ರು. ಮುಂದಿನ ಬೇಸಿಗ್ಯಾಗ ಮ್ಯಾಕ್ ಮೆಕ್ಲಂಗ್ ಟೆಕ್ಸಸ್ ಟೆಕ್‌ಗೆ ಹೋದ.

ಆದ್ರ ಪಂದ್ಯ ಹೆಣೆಯೂದ್ರಾಗ ಅವರು ಕಡಿಮಿ ಇರ್ಲಿಲ್ಲ ನೋಡ್ರಿ. 2021ರಾಗ ಎಂಟನೇ ಶ್ರೇಯಾಂಕದಿಂದ ಬಂದು ತಮ್ಮ ಕಾಲೇಜು ಲೀಗಾದ ಬಿಗ್ ಈಸ್ಟ್ ಟೂರ್ನಿ ಗೆದ್ರು, ಫೈನಲ್‌ದಾಗ ಕ್ರೈಟನ್ ಮ್ಯಾಲ 73–48. ಮರುವರ್ಷ ಅದೇ ಲೀಗಿನಾಗ 19 ಪಂದ್ಯ ಆಡಿ 19ನ್ನೂ ಸೋತ್ರು. ನಾಕು ದಿನದ ಟೂರ್ನಿಗೆ ತಂತ್ರ ಸಾಕು. ನಾಕು ತಿಂಗಳಿಗೆ ಮಂದಿ ಬೇಕು.

ಗೆರೆದಾಟು:
ಹಾಗಾದರೆ ಓದಿದ ಕಾಲೇಜಿಗೆ ಮರಳಿದ್ದೇ ತಪ್ಪು ಅನ್ನೋ ನನ್ನ ಊಹೆ ನಿಲ್ಲುತ್ತಾ?

ಧಾರವಾಡಡ್ರಿಬಲ್:
ನಿಲ್ಲೂದಿಲ್ರಿ. ಕೆವಿನ್ ಓಲಿ ಕನೆಕ್ಟಿಕಟ್‌ನಾಗ ಓದಿ, ಎನ್‌ಬಿಎ ಆಡಿ, ಅಲ್ಲೇ ಕೋಚ್ ಆಗಿ 2014ರಾಗ ಪ್ರಶಸ್ತಿ ಗೆದ್ದಾರ. ಏಳನೇ ಶ್ರೇಯಾಂಕ, ಫೈನಲ್‌ದಾಗ ಕೆಂಟಕಿ ಮ್ಯಾಲ 60–54. ನಾಕು ವರ್ಷಕ್ಕ ಕೆಲಸಾನೂ ಹೋತು. ಹ್ಯೂಬರ್ಟ್ ಡೇವಿಸ್ ನಾರ್ತ್ ಕ್ಯಾರೊಲಿನಾದಾಗ ಮೊದಲ ವರ್ಷಾನ ಫೈನಲ್ ಮುಟ್ಟಿ, ಅರ್ಧ ಆಟಕ್ಕ 40–25 ಮುಂದಿದ್ದು, ಕಾನ್ಸಸ್‌ಗೆ 72–69 ಸೋತ್ರು. ಒಂದು ಊಹೆಗೆ ಇವರೆಲ್ಲಾ ಸಿಗೂದಿಲ್ಲ.

ಹಲಗೆಪೆಟ್ಟು:
ಸ್ಟೇಲಿ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸೋದು ಟೆಂಪಲ್‌ನಲ್ಲಿ ಆಟ, ಕೋಚಿಂಗ್ ಎರಡೂ ಜೊತೆಗಿದ್ದ ಆ ಆರು ವರ್ಷಗಳು, 2000ರಿಂದ 2006. ಸಂಬಳ ಎರಡು ಕಡೆ ಬಂತು ಅನ್ನೋದಲ್ಲ ವಿಷಯ, ಕೆಲಸ ಹಂಚಬೇಕಾಗಿ ಬಂತು ಅನ್ನೋದು.

ಡಬ್ಲ್ಯೂಎನ್‌ಬಿಎ ಬೇಸಿಗೆಯ ಲೀಗು. ಕಾಲೇಜು ಸೀಸನ್ ನವೆಂಬರ್‌ನಿಂದ ಏಪ್ರಿಲ್ ಆರಂಭ. ಕ್ಯಾಲೆಂಡರ್ ನೋಡಿದರೆ ಡಿಕ್ಕಿ ಇಲ್ಲ ಅನ್ನಿಸುತ್ತದೆ. ಆದರೆ ಜುಲೈ ತಿಂಗಳಲ್ಲಿ ಕಾಲೇಜು ಕೋಚ್‌ಗಳು ಹೈಸ್ಕೂಲ್ ಹುಡುಗಿಯರ ಕ್ಲಬ್ ಟೂರ್ನಿಗಳನ್ನು ನೋಡಲು ಊರೂರು ಸುತ್ತುತ್ತಾರೆ. ಮುಂದಿನ ಎರಡು ಮೂರು ವರ್ಷದ ತಂಡ ನಿಶ್ಚಯವಾಗುವುದು ಅಲ್ಲೇ. ಜುಲೈನಲ್ಲಿ ಮುಖ್ಯ ಕೋಚ್ ಸ್ವತಃ ಪಂದ್ಯ ಆಡುತ್ತಿದ್ದರೆ ಯಾರು ಹೋಗಬೇಕು? ಸಹಾಯಕರು. ಹಾಗಾಗಿ ಮೊದಲ ದಿನದಿಂದಲೇ 'ನಾನೇ ಎಲ್ಲ ನೋಡಿಕೊಳ್ಳುತ್ತೇನೆ' ಅನ್ನೋ ಅವಕಾಶವೇ ಅವರಿಗಿರಲಿಲ್ಲ.

ಲಿಸಾ ಬಾಯರ್ ಹೆಸರು ಇಲ್ಲಿ ಬರಲೇಬೇಕು. ಎಬಿಎಲ್ ಎಂಬ ಹಳೆಯ ಮಹಿಳಾ ವೃತ್ತಿಪರ ಲೀಗಿನಲ್ಲಿ ಸ್ಟೇಲಿ ರಿಚ್ಮಂಡ್ ರೇಜ್‌ಗೆ ಆಡುವಾಗ ಬಾಯರ್ ಅವರ ಕೋಚ್. ಆಮೇಲೆ ಟೆಂಪಲ್‌ನಲ್ಲೂ ಸೌತ್ ಕ್ಯಾರೊಲಿನಾದಲ್ಲೂ ಅದೇ ಬಾಯರ್ ಸ್ಟೇಲಿಯ ಕೈಕೆಳಗಿನ ಸಹಾಯಕ ಕೋಚ್. ತನಗೆ ಒಂದು ಕಾಲಕ್ಕೆ ಆದೇಶ ಕೊಟ್ಟವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು 'ಇದು ತಪ್ಪು' ಅಂತ ಹೇಳಿಸಿಕೊಳ್ಳೋದು ಎಲ್ಲ ಮಾಜಿ ತಾರೆಯರಿಗೂ ಆಗುವ ಕೆಲಸವಲ್ಲ.

ಕುಡ್ಲಗಾರ್ಡ್:
ಅದೆಲ್ಲ ಸರಿ ಮಾರಾಯ್ರೆ, ಆದ್ರೆ ಅಂಕಣದ ಒಳಗೆ ಏನು ಮಾಡ್ತಾರೆ ಅಂತ ಒಬ್ರೂ ಹೇಳ್ಲಿಲ್ಲ ಅಲ್ವಾ. ಡಿಫೆನ್ಸ್ ಯಾವುದು? ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು) ಯಾಕೆ ಅಷ್ಟು ಸಿಗ್ತದೆ?

ಹಲಗೆಪೆಟ್ಟು:
ಬುಡದಲ್ಲಿ ಇರೋದು ಮ್ಯಾನ್-ಟು-ಮ್ಯಾನ್, ಅಂದರೆ ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಕಾಯೋದು. ಬುಟ್ಟಿಯ ಹತ್ತಿರ ಇಬ್ಬರು ಎತ್ತರದವರು, ಹೊರಗೆ ಚೆಂಡಿನ ಮೇಲೆ ಒತ್ತಡ ಹಾಕುವ ಗಾರ್ಡ್‌ಗಳು. ಎದುರಾಳಿ ಗಾರ್ಡ್ ದಾಟಿ ನುಗ್ಗಿದರೂ ಪರವಾಗಿಲ್ಲ, ಒಳಗೆ ಕೈ ಎತ್ತಿ ನಿಂತವರು ಇದ್ದಾರೆ. ಆ ಧೈರ್ಯ ಇರುವುದರಿಂದಲೇ ಹೊರಗಿನವರು ಹತ್ತಿರ ಹೋಗಿ ಕಾಡಬಹುದು.

2022ರ ಫೈನಲ್ ಇದಕ್ಕೆ ಪಾಠದ ಹಾಗಿದೆ. ಯೂಕಾನ್ (ಕನೆಕ್ಟಿಕಟ್) ಎದುರು 64–49. ರಿಬೌಂಡ್ 49ಕ್ಕೆ 24. ಅದರಲ್ಲಿ ಆಕ್ರಮಣದ ರಿಬೌಂಡ್, ಅಂದರೆ ತಮ್ಮದೇ ತಪ್ಪಿದ ಶಾಟ್‌ಗಳನ್ನು ಮತ್ತೆ ಹಿಡಿದದ್ದು, 21ಕ್ಕೆ 6. ಹದಿನೈದು ಸಲ ಹೆಚ್ಚುವರಿ ಅವಕಾಶ ಸಿಕ್ಕರೆ ಶಾಟ್ ಅಷ್ಟೇನೂ ಬೀಳದಿದ್ದರೂ ಪಂದ್ಯ ಗೆಲ್ಲಬಹುದು. ಅಂದು ಗಾರ್ಡ್ ಡೆಸ್ಟನಿ ಹೆಂಡರ್ಸನ್ 26 ಅಂಕ ಹೊಡೆದದ್ದು ಅದರ ಮೇಲಿನ ತುಪ್ಪ.

ಈ ವಿಧಾನದ ದೋಷ ಮರುವರ್ಷವೇ ಬಯಲಾಯಿತು. 2023ರ ಸೆಮಿಫೈನಲ್, ಅಯೋವಾ. ಅಲ್ಲಿಯವರೆಗೆ 36 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಅಯೋವಾ ಮಾಡಿದ್ದು ಇಷ್ಟೇ: ಮೂರಂಕದ ಗೆರೆಯ ಹೊರಗಿದ್ದ ಗಾರ್ಡ್‌ಗಳನ್ನು, ಮುಖ್ಯವಾಗಿ ರೇವನ್ ಜಾನ್ಸನ್ ಅವರನ್ನು, ಖಾಲಿ ಬಿಟ್ಟರು. ಆ ಡಿಫೆಂಡರ್ ಹಿಂದೆ ಸರಿದು ಬುಟ್ಟಿಯ ಮುಂದೆ ಗೋಡೆಗೆ ಸೇರಿಕೊಂಡರು. ಬುಟ್ಟಿ ಹತ್ತಿರ ಆಡುವ ಅಲಿಯಾ ಬೋಸ್ಟನ್ ಕೈಗೆ ಚೆಂಡು ಹೋಗೋಕೆ ದಾರಿಯೇ ಇಲ್ಲ. ಸೌತ್ ಕ್ಯಾರೊಲಿನಾ ಮೂರಂಕದ 20 ಪ್ರಯತ್ನದಲ್ಲಿ ಹಾಕಿದ್ದು 4. ಆ ಕಡೆ ಕೇಟ್ಲಿನ್ ಕ್ಲಾರ್ಕ್ ಒಬ್ಬರೇ 41 ಅಂಕ. 77–73. ರಿಬೌಂಡ್ ಅಂದೂ ಸೌತ್ ಕ್ಯಾರೊಲಿನಾದ್ದೇ ಮೇಲುಗೈ. ಆದರೆ ತಪ್ಪಿದ ಶಾಟ್ ಹಿಡಿದು ಮತ್ತೆ ತಪ್ಪಿಸಿದರೆ ರಿಬೌಂಡ್ ಉಪ್ಪಿಗೂ ಬರುವುದಿಲ್ಲ.

ಎಡಗೈಲೇಅಪ್:
ಇದಕ್ಕೇ ನಾನು ಹೇಳಿದ್ದು, ಎತ್ತರ ಇದ್ದರೆ ಗೆಲ್ಲುತ್ತಾರೆ, ಇಲ್ಲದಿದ್ದರೆ ಇಲ್ಲ.

ಹಲಗೆಪೆಟ್ಟು:
ಸ್ವಲ್ಪ ತಾಳಿ. ಆ ಸೋಲಿನ ಬೆನ್ನಲ್ಲೇ ಐದು ಜನ ಡಬ್ಲ್ಯೂಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವ ಸುತ್ತು) ಹೋದರು: ಬೋಸ್ಟನ್, ಅಮಿಹೀರ್, ಕುಕ್, ಬೀಲ್, ಸಾಕ್ಸ್ಟನ್. ಅಂದರೆ ಆರಂಭಿಕ ತಂಡವೇ ಖಾಲಿ. ಮುಂದಿನ ಸೀಸನ್ 38 ಪಂದ್ಯ, 38 ಗೆಲುವು!

ಮಧ್ಯೆ ಮಾಡಿದ ರಿಪೇರಿ ನೋಡಿ. ಆರೆಗನ್‌ನಿಂದ ಟೆ-ಹಿನಾ ಪಾವೊಪಾವೊ ಅವರನ್ನು ತಂದರು. ಅವರ ಮೂರಂಕದ ಗುರಿ ಆ ಸೀಸನ್ ನೂರಕ್ಕೆ 46 ಮೀರಿತ್ತು. ಅಂಥವರನ್ನು ಖಾಲಿ ಬಿಡೋಕೆ ಯಾರಿಗೂ ಧೈರ್ಯ ಬರಲ್ಲ. ಖಾಲಿ ಬಿಡದಿದ್ದರೆ ಗೋಡೆಯಲ್ಲಿ ಒಂದು ಇಟ್ಟಿಗೆ ಕಡಿಮೆ. ಆ ಸಂದಿಯಲ್ಲಿ ಆರಡಿ ಏಳಂಗುಲದ ಬ್ರೆಜಿಲ್ ಹುಡುಗಿ ಕಮಿಲ್ಲಾ ಕಾರ್ಡೋಸೊಗೆ ಚೆಂಡು ಸಲೀಸಾಗಿ ಹೋಗುತ್ತದೆ. ಯಾರನ್ನು ಖಾಲಿ ಬಿಟ್ಟು ಅವಮಾನಿಸಿದ್ದರೋ ಆ ರೇವನ್ ಜಾನ್ಸನ್ ಅವರನ್ನು ಬೆಂಚಿಗೆ ತಳ್ಳಲಿಲ್ಲ, ಆರಂಭಿಕ ಪಾಯಿಂಟ್ ಗಾರ್ಡ್ ಮಾಡಿದರು.

2024ರ ಫೈನಲ್, ಮತ್ತೆ ಅಯೋವಾ. ಮೊದಲ ಕ್ವಾರ್ಟರ್‌ನಲ್ಲೇ ಕ್ಲಾರ್ಕ್ 18 ಅಂಕ. ಆಮೇಲೆ ಜಾನ್ಸನ್ ಅವರ ಬೆನ್ನು ಬಿಡಲಿಲ್ಲ, ಉಳಿದ ಮೂರು ಕ್ವಾರ್ಟರ್ ಸೇರಿ ಕ್ಲಾರ್ಕ್‌ಗೆ ಸಿಕ್ಕಿದ್ದು 12. ಕಾರ್ಡೋಸೊ 15 ಅಂಕ, 17 ರಿಬೌಂಡ್. ಅಂತಿಮ ಅಂಕ 87–75. ಎಲ್ಲಕ್ಕಿಂತ ಮಾತಾಡುವ ಅಂಕಿ ಬೆಂಚಿನದು: ಸೌತ್ ಕ್ಯಾರೊಲಿನಾ ಬೆಂಚ್ 37 ಅಂಕ, ಅಯೋವಾ ಬೆಂಚ್ ಸೊನ್ನೆ. ಟೆಸ್ಸಾ ಜಾನ್ಸನ್ ಎಂಬ ಮೊದಲ ವರ್ಷದ ಹುಡುಗಿ ಬೆಂಚಿನಿಂದ ಎದ್ದು ಬಂದು 19 ಹೊಡೆದಳು.

ಎತ್ತರದ ವಾದಕ್ಕೆ 2017 ಸಾಕ್ಷಿ ಸಾಕು. ಟೂರ್ನಿ ಹೊತ್ತಿಗೆ ಕೋಟ್ಸ್ ಪಾದದ ಕೀಲಿಗೆ ಪೆಟ್ಟಾಗಿ ಹೊರಗೆ. ಇಬ್ಬರು ಎತ್ತರದವರ ಆಟ ಅಲ್ಲಿಗೆ ಮುಗಿಯಿತು. ಸ್ಟೇಲಿ ವಿಲ್ಸನ್ ಒಬ್ಬರನ್ನೇ ಒಳಗಿಟ್ಟು ನಾಲ್ಕು ಗಾರ್ಡ್‌ಗಳನ್ನು ಹೊರಗೆ ಹರಡಿದರು. ಕೇಲಾ ಡೇವಿಸ್, ಅಲಿಷಾ ಗ್ರೇ ಇಬ್ಬರೂ ಬೇರೆ ಕಾಲೇಜಿನಿಂದ ಬಂದವರು, ಪಾಯಿಂಟ್ ಗಾರ್ಡ್ ಟೈಯಾಷಾ ಹ್ಯಾರಿಸ್ ಮೊದಲ ವರ್ಷದ ಹುಡುಗಿ. ಫೈನಲ್‌ನಲ್ಲಿ ಮಿಸಿಸಿಪಿ ಸ್ಟೇಟ್ ಮೇಲೆ 67–55, ವಿಲ್ಸನ್ 23 ಅಂಕ, 10 ರಿಬೌಂಡ್.

ಕುಡ್ಲಗಾರ್ಡ್:
ಈಗ ವಿಷಯಕ್ಕೆ ಬಂದ್ರಿ. ಬೆಂಚ್ 37–0 ಅಂತ ಹೇಳೋದು ಸುಲಭ. ಹತ್ತು ಜನರನ್ನ ಆಡಿಸೋದು ಹೇಗೆ? ನಮ್ಮಲ್ಲಿ ಕಾಲೇಜು ತಂಡದಲ್ಲಿ ಏಳನೇ ಆಟಗಾರ್ತಿ ಅಂಕಣ ನೋಡೋದೇ ಇಲ್ಲ.

ಸಿಳ್ಳೆ:
ಲೆಕ್ಕ ಹಾಕಿ ನೋಡಿ. 40 ನಿಮಿಷದ ಪಂದ್ಯ, ಐದು ಜನ, ಒಟ್ಟು 200 ಆಟಗಾರ-ನಿಮಿಷ. ಆರಂಭಿಕ ಐವರಿಗೆ ತಲಾ 34 ನಿಮಿಷ ಕೊಟ್ಟರೆ 170 ಅಲ್ಲೇ ಹೋಯಿತು, ಬೆಂಚಿಗೆ ಉಳಿದದ್ದು 30. ತಲಾ 26ಕ್ಕೆ ಇಳಿಸಿದರೆ 130, ಬೆಂಚಿಗೆ 70. ಐದು ಜನಕ್ಕೆ ಹಂಚಿದರೆ ತಲಾ 14. ಹದಿನಾಲ್ಕು ನಿಮಿಷ ಸಿಗುತ್ತದೆ ಅಂತ ಗೊತ್ತಿದ್ದರೆ ಬೆಂಚಿನ ಹುಡುಗಿ ಅಭ್ಯಾಸಕ್ಕೆ ಬರುವ ರೀತಿಯೇ ಬೇರೆ.

ಬದಲಾವಣೆ ಮಾಡುವಾಗ ಕೆಡುವುದು ಒಂದೇ ಕಡೆ: ಐವರನ್ನೂ ಒಟ್ಟಿಗೆ ಎಬ್ಬಿಸಿ ಐವರನ್ನು ಕಳಿಸೋದು. ಲಯ ಸತ್ತುಹೋಗುತ್ತದೆ. ಇಬ್ಬಿಬ್ಬರನ್ನು ಬದಲಿಸಿ. ಪಾಯಿಂಟ್ ಗಾರ್ಡ್ ಮತ್ತು ಎತ್ತರದವರು ಒಂದೇ ಸಲ ಹೊರಬರದಂತೆ ನೋಡಿಕೊಳ್ಳಿ. ಕ್ವಾರ್ಟರ್‌ನ ಆರನೇ ನಿಮಿಷಕ್ಕೆ ಮೊದಲ ಜೋಡಿ, ಎಂಟನೇ ನಿಮಿಷಕ್ಕೆ ಎರಡನೇ ಜೋಡಿ. ಮೊದಲ ಜೋಡಿಗೆ ಕ್ವಾರ್ಟರ್ ನಡುವಿನ ಬಿಡುವೂ ಸೇರಿ ಆರೇಳು ನಿಮಿಷ ಉಸಿರು ಸಿಗುತ್ತದೆ.

ನಿಯಮದ ವ್ಯತ್ಯಾಸ ಮರೆಯಬೇಡಿ. ಅಮೆರಿಕದ ಕಾಲೇಜು ಮಹಿಳೆಯರ ಪಂದ್ಯದಲ್ಲೂ 2015–16ರಿಂದ ನಾಲ್ಕು ಕ್ವಾರ್ಟರ್, ತಲಾ 10 ನಿಮಿಷ. ಇಷ್ಟು ನಾವು ಆಡುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದ ಹಾಗೇ ಇದೆ. ಆದರೆ ಅಲ್ಲಿ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಸಮಯ) 30 ಸೆಕೆಂಡ್, ಇಲ್ಲಿ 24. ಅರ್ಧ ಅಂಕಣ ದಾಟಲು ಅಲ್ಲಿ 10 ಸೆಕೆಂಡ್, ಇಲ್ಲಿ 8. ಹಾಗಾಗಿ ಸೌತ್ ಕ್ಯಾರೊಲಿನಾದ ಆಟವನ್ನು ವಿಡಿಯೊ ನೋಡಿ ಅಚ್ಚು ಇಳಿಸಿದರೆ ಪೋಸ್ಟ್‌ಗೆ (ಬುಟ್ಟಿ ಹತ್ತಿರ ನಿಂತವರಿಗೆ) ಚೆಂಡು ಕೊಡುವ ಹೊತ್ತಿಗೆ ನಮ್ಮ ಗಡಿಯಾರ ಮುಗಿದಿರುತ್ತದೆ. ಎರಡನೇ ಪಾಸ್‌ಗೇ ಚೆಂಡು ಒಳಗೆ ಹೋಗಬೇಕು.

ಕುಡ್ಲಗಾರ್ಡ್:
ರಿಬೌಂಡ್ ಅಭ್ಯಾಸಕ್ಕೆ ಏನಾದ್ರೂ?

ಸಿಳ್ಳೆ:
ಮೂವರಿಗೆ ಮೂವರು. ಕೋಚ್ ಬೇಕಂತಲೇ ಶಾಟ್ ತಪ್ಪಿಸಬೇಕು. ಡಿಫೆಂಡರ್ ಮಾಡಬೇಕಾದ್ದು ಕ್ರಮವಾಗಿ: ಚೆಂಡು ಕೈಬಿಟ್ಟ ಕೂಡಲೇ ಎದುರಾಳಿಯನ್ನು ಮುಂಗೈಯಿಂದ ಮುಟ್ಟಿ ಎಲ್ಲಿದ್ದಾರೆಂದು ತಿಳಿಯುವುದು, ತಿರುಗುವುದು, ಸೊಂಟ ತಗ್ಗಿಸಿ ಬೆನ್ನಿಗೆ ಕೂರಿಸಿಕೊಳ್ಳುವುದು, ಆಮೇಲಷ್ಟೇ ಚೆಂಡಿನ ಕಡೆ ನೋಡುವುದು. ಹೆಚ್ಚಿನವರು ಶುರುವಿಗೇ ಚೆಂಡು ನೋಡುತ್ತಾರೆ, ಎದುರಾಳಿ ಬೆನ್ನ ಹಿಂದಿನಿಂದ ಜಾರಿ ಮುಂದೆ ಬಂದಿರುತ್ತಾರೆ. ಡಿಫೆನ್ಸ್‌ನವರು ಸತತ ಮೂರು ರಿಬೌಂಡ್ ಹಿಡಿದರೆ ಮಾತ್ರ ಹೊರಗೆ ಬರಬಹುದು, ಒಂದು ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಮೊಣಕಾಲು ಉಳಿಯಬೇಕಲ್ಲ.

ಎತ್ತರ ಸಾಲದಿದ್ದರೆ ಹುಡುಗರನ್ನು ಎದುರಿಗೆ ನಿಲ್ಲಿಸಿ. ಅಮೆರಿಕದ ಮಹಿಳಾ ತಂಡಗಳು ಇದನ್ನು ಹಲವು ವರ್ಷದಿಂದ ಮಾಡುತ್ತಿವೆ. ಅದೇ ಕಾಲೇಜಿನ ವಿದ್ಯಾರ್ಥಿಗಳು ಎದುರಾಳಿ ತಂಡದ ಪಾತ್ರ ಹಾಕುತ್ತಾರೆ. ಸೌತ್ ಕ್ಯಾರೊಲಿನಾದಲ್ಲಿ ಈ ಹುಡುಗರ ಗುಂಪಿಗೆ 'ಹೈಲೈಟರ್ಸ್' ಅಂತ ಹೆಸರು. ಇದರಲ್ಲಿ ಇನ್ನೊಂದು ಲಾಭ ಇದೆ. ಅಲ್ಲಿ ಸೀಸನ್ ವೇಳೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ಒಂದು ದಿನ ಕಡ್ಡಾಯ ರಜೆ ಅನ್ನುವ ಮಿತಿ. ಬೆಂಚಿನ ಹುಡುಗಿಯರನ್ನೇ ಎದುರಾಳಿಯ ಆಟ ಆಡಲು ಬಿಟ್ಟರೆ ಅವರು ತಮ್ಮ ಆಟ ಕಲಿಯೋದು ಯಾವಾಗ?

ಎಡಗೈಲೇಅಪ್:
ಒಪ್ಪಿದೆ, ಎತ್ತರ ಒಂದೇ ಅಲ್ಲ. ಆದರೂ 2025 ಉಳಿಯಿತಲ್ಲ. ಮನೆ ಅಂಕಣದಲ್ಲಿ 71 ಗೆಲುವಿನ ಸರಣಿ ಇತ್ತು, ಫೆಬ್ರವರಿಯಲ್ಲಿ ಯೂಕಾನ್ ಬಂದು 87–58ರಿಂದ ಮುರಿಯಿತು. ಏಪ್ರಿಲ್ ಫೈನಲ್‌ನಲ್ಲಿ ಅದೇ ಯೂಕಾನ್ 82–59. ಎರಡು ತಿಂಗಳಲ್ಲಿ ರಿಪೇರಿ ಯಾಕೆ ಆಗಲಿಲ್ಲ?

ಹಲಗೆಪೆಟ್ಟು:
ಕಾರ್ಡೋಸೊ ಹೋದ ಮೇಲೆ ಬುಟ್ಟಿ ಕಾಯುವ ಕೆಲಸ ಆಷ್ಲಿನ್ ವಾಟ್ಕಿನ್ಸ್ ಮೇಲೆ ಬಿದ್ದಿತ್ತು. ಜನವರಿಯಲ್ಲಿ ಅವರ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಒಳಗೆ ಕಾವಲಿಲ್ಲದಿದ್ದರೆ ಹೊರಗಿನ ಗಾರ್ಡ್ ಒತ್ತಡ ಹಾಕಲು ಹೆದರುತ್ತಾರೆ, ಅಂತರ ಬಿಡುತ್ತಾರೆ. ಅಂತರ ಸಿಕ್ಕರೆ ಆಜಿ ಫಡ್ ಅಂಥವರು ಬಿಡುತ್ತಾರಾ? ಫೈನಲ್‌ನಲ್ಲಿ ಫಡ್ 24, ಸಾರಾ ಸ್ಟ್ರಾಂಗ್ 24 ಅಂಕ ಮತ್ತು 15 ರಿಬೌಂಡ್. ಸೀಸನ್ ನಡುವೆ ಬೇರೆ ತಂಡದ ಆಟಗಾರರನ್ನು ಕೊಂಡು ತರುವ ಅವಕಾಶ ಎನ್‌ಬಿಎದಲ್ಲಿದೆ, ಕಾಲೇಜಿನಲ್ಲಿಲ್ಲ. ಬೇಸಿಗೆವರೆಗೆ ಕಾಯಲೇಬೇಕು.

ಬೇಸಿಗೆಯಲ್ಲಿ ಬಾಗಿಲು ಎರಡೂ ಕಡೆ ತೆರೆಯುತ್ತದೆ ಅನ್ನೋದು ಬೇರೆ ಮಾತು. ಊರಿನ ಹುಡುಗಿ ಮಿಲೇಷಿಯಾ ಫುಲ್ವೈಲಿ ಲೂಸಿಯಾನಾ ಸ್ಟೇಟ್‌ಗೆ (ಎಲ್‌ಎಸ್‌ಯು) ಹೋದರು. ಫ್ಲಾರಿಡಾ ಸ್ಟೇಟ್‌ನಿಂದ, ದೇಶದಲ್ಲೇ ಹೆಚ್ಚು ಅಂಕ ಹೊಡೆದಿದ್ದ ಟಾನಿಯಾ ಲ್ಯಾಟ್ಸನ್ ಇಲ್ಲಿಗೆ ಬಂದರು. ಒಮ್ಮೆ ಕಾಲೇಜು ಬದಲಿಸಿದರೆ ವರ್ಷ ಕೂರಬೇಕೆಂಬ ಹಳೆಯ ನಿಯಮ 2021ರಲ್ಲಿ ಸಡಿಲವಾಯಿತು, 2024ರಿಂದ ಎಷ್ಟು ಸಲ ಬೇಕಾದರೂ ಬದಲಿಸಬಹುದು. 2021ರ ಜುಲೈ 1ರಿಂದ ಆಟಗಾರ್ತಿಯರು ತಮ್ಮ ಹೆಸರಿನಿಂದ ಹಣವನ್ನೂ ಗಳಿಸಬಹುದು.

ಧಾರವಾಡಡ್ರಿಬಲ್:
ರೊಕ್ಕದ ಮಾತು ಬಂತಂದ್ರ ಇದೂ ಇರ್ಲಿ. 2025ರ ಜನವರಿದಾಗ ಸ್ಟೇಲಿ ಕರಾರು ಹೊಸದಾತು: ವರ್ಷಕ್ಕ 40 ಲಕ್ಷ ಡಾಲರ್‌ದಿಂದ ಶುರು, 2029–30ರ ತನಕ, ಒಟ್ಟು ಸುಮಾರು ಎರಡೂವರೆ ಕೋಟಿ ಡಾಲರ್. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಪೈಕಿ ಆ ಹೊತ್ತಿಗೆ ಅತಿ ದೊಡ್ಡ ಸಂಬಳ. ಅದೇ ಬ್ಯಾಸಿಗ್ಯಾಗ ನ್ಯೂಯಾರ್ಕ್ ನಿಕ್ಸ್ ಕೋಚ್ ಹುದ್ದೆಗೆ ಅವರನ್ನ ಸಂದರ್ಶನಕ್ಕ ಕರದಿದ್ರು, ಹುದ್ದೆ ಮೈಕ್ ಬ್ರೌನ್‌ಗೆ ಹೋತು.

ಗೆರೆದಾಟು:
ನನ್ನ ಪ್ರಶ್ನೆಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಸೆಮಿಫೈನಲ್ ಸೋಲುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಒಂದು ಕಡೆ 2015ರದ್ದು 66–65 ಅಂತ ಇದೆ, ಇನ್ನೊಂದು ಕಡೆ 2021ರದ್ದೂ 66–65 ಅಂತ ಇದೆ. ಯಾವುದೋ ಒಂದು ಅಚ್ಚಿನ ತಪ್ಪು ಇರಬೇಕು?

ಅಂಕಪಟ್ಟಿ:
ತಪ್ಪಲ್ಲ, ಎರಡೂ ನಿಜ. 2015ರಲ್ಲಿ ನೋಟ್ರ ಡೇಮ್ 66–65, 2021ರಲ್ಲಿ ಸ್ಟ್ಯಾನ್‌ಫರ್ಡ್ 66–65. ಎರಡನೆಯದರಲ್ಲಿ ಕೊನೆಯ ಸೆಕೆಂಡುಗಳಲ್ಲಿ ಬೋಸ್ಟನ್ ಚೆಂಡು ಕಿತ್ತುಕೊಂಡರು, ಬೀಲ್ ಅವರ ಲೇಅಪ್ ತಪ್ಪಿತು, ಬೋಸ್ಟನ್ ಅದನ್ನೇ ಮತ್ತೆ ಬುಟ್ಟಿಗೆ ತಳ್ಳಿದರು, ಅದೂ ಹೊರಗೆ ಬಿತ್ತು.